ಬೆವರು ಕಾಣದ ಬೇಸಿಗೆ

ಥಾರ್ ಮರುಭೂಮಿಯ ಬೇಸಿಗೆಯನ್ನು ಬರಿಯ ಉಷ್ಣಾಂಶದ ಅಂಕಿಗಳಿಂದ ಅಳೆದರೆ ಅರ್ಧ ಮಾತ್ರ ಅರ್ಥವಾಗುತ್ತದೆ. 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಫಲೋದಿಗೂ ಪಶ್ಚಿಮಕ್ಕಿರುವ ಜೈಸಲ್ಮೇರ್ ಸೀಮೆಯ ಗಾಳಿವಿದ್ಯುತ್ ಸ್ಥಾವರವೊಂದಕ್ಕೆ ಗದಗಿನಿಂದ ವರ್ಗವಾಗಿ ಬಂದಾಗ ನನ್ನ ಗಮನಕ್ಕೆ ಮೊದಲು ಬಂದದ್ದು ಮಾತ್ರ ಬಿಸಿಲಿನ ಉರಿಗಿಂತ ಹೆಚ್ಚಾಗಿ, ಮೈಮೇಲಿನ ಅಂಗಿ ಒದ್ದೆಯಾಗದೆ ಇದ್ದದ್ದು. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳ ಬಳಿ ಏಪ್ರಿಲ್ ತಿಂಗಳಿನಲ್ಲಿ ಕೆಲಸ ಮಾಡಿದರೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಇಲ್ಲಿ ಬೆವರು ಹುಟ್ಟಿದ ಕ್ಷಣವೇ ಆರಿಹೋಗುತ್ತದೆ, ಸಂಜೆ ಅಂಗಿ ಕಳಚಿದಾಗ ಬೆನ್ನಿನ ಭಾಗದಲ್ಲಿ ಮತ್ತು ಟೋಪಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆಗಳಷ್ಟೇ ಉಳಿದಿರುತ್ತವೆ.

ಇದರ ಹಿಂದಿನ ಲೆಕ್ಕ ಸರಳವಾದದ್ದು. ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಬೀಸಣಿಗೆಯ ಗಾಳಿ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯೇ 45 ಡಿಗ್ರಿಗೆ ಏರಿದಾಗ ಅದೇ ಗಾಳಿ ಮೈಗೆ ಶಾಖವನ್ನು ತಂದು ತುಂಬುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಬೆವರು ಆವಿಯಾಗುವುದೊಂದೇ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಮೈಬಿಟ್ಟು ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ದಾರಿ ಅರ್ಧ ಮುಚ್ಚಿರುತ್ತದೆ, ಮರುಭೂಮಿಯ ಒಣ ಗಾಳಿಯಲ್ಲಿ ಅದು ಪೂರ್ತಿ ತೆರೆದಿರುತ್ತದೆ. ಹೀಗಾಗಿ ಇಲ್ಲಿ ಮನುಷ್ಯನನ್ನು ಬದುಕಿಸುವುದೂ ಒಣಹವೆಯೇ, ಅವನಿಗೆ ಅರಿವಾಗದಂತೆ ಮೈಯೊಳಗಿನ ನೀರನ್ನು ಹೀರಿ ಕೆಡಿಸುವುದೂ ಒಣಹವೆಯೇ. ನಾನು ಇಲ್ಲಿ ಕಲಿತದ್ದೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ನೀರು ಆರುವುದಕ್ಕೆ ಸಂಬಂಧಿಸಿದ್ದು.

ಕಲಿಕೆ ಶುರುವಾಗುವುದು ಮಾರ್ಚ್ ತಿಂಗಳಿನಲ್ಲಿ, ಅದೂ ದೇಹದ ಕಲಿಕೆ. ನಮ್ಮ ತಂಡದ ಹಿರಿಯ ಮೇಲ್ವಿಚಾರಕರು ಹೊಸಬರನ್ನು ಮೊದಲ ವಾರ ಬಿಸಿಲಿನಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ನಿಲ್ಲಲು ಬಿಡುತ್ತಿರಲಿಲ್ಲ, ಹಾಗೆಂದು ಹೊರಗೆ ಕಳಿಸದೆ ಕೂರಿಸುತ್ತಲೂ ಇರಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅವಧಿಯನ್ನು ಹೆಚ್ಚಿಸುತ್ತ ಹೋಗುವುದು ಅವರ ಪದ್ಧತಿ. ಆರಂಭದಲ್ಲಿ ತಲೆನೋವು, ಸಂಜೆ ಪಾದಗಳ ಬಾವು, ಊಟದ ಮೇಲೆ ಅನಾಸಕ್ತಿ ಇವೆಲ್ಲ ನನಗೂ ಆದವು. ಸುಮಾರು ಎರಡು ವಾರಗಳಲ್ಲಿ ರಕ್ತದಲ್ಲಿನ ದ್ರವದ ಪ್ರಮಾಣ ಹೆಚ್ಚುತ್ತದೆ, ಬೆವರು ಬೇಗ ಬರಲು ಆರಂಭಿಸುತ್ತದೆ, ಬೆವರಿನೊಂದಿಗೆ ಹೋಗುವ ಉಪ್ಪು ಕಡಿಮೆಯಾಗುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಇದನ್ನು ನಾನು ಪ್ರಯೋಗಾಲಯವಿಲ್ಲದೆಯೇ ಕಂಡೆ: ಏಪ್ರಿಲ್ ಮಧ್ಯದ ಹೊತ್ತಿಗೆ ಅಂಗಿಯ ಮೇಲಿನ ಆ ಬಿಳಿಯ ಗೆರೆಗಳು ತೆಳುವಾಗಿದ್ದವು, ಕೆಲಸ ಮಾತ್ರ ಮೊದಲಿಗಿಂತ ಹೆಚ್ಚೇ ಆಗಿತ್ತು.

ಆ ಬಳಿಕ ಬದಲಾಗಬೇಕಾದದ್ದು ದಿನಚರಿ. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಿನಲ್ಲಿ, ಸುಮಾರು 71 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಗಡಿಯಾರಗಳಾದರೋ 82.5 ಡಿಗ್ರಿಯ ರೇಖೆಗೆ ಹೊಂದಿಕೊಂಡಿವೆ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಮುಕ್ಕಾಲು ಗಂಟೆ ತಡವಾಗಿ. ಜೂನ್ ತಿಂಗಳಿನಲ್ಲಿ ಸಂಜೆ ಏಳೂವರೆಯಾದರೂ ಹೊತ್ತು ಮುಳುಗಿರುವುದಿಲ್ಲ. ದಿನದ ಅತಿ ಹೆಚ್ಚಿನ ಧಗೆ ಮಧ್ಯಾಹ್ನದ ಮೂರರಿಂದ ಐದರ ನಡುವೆ ಇರುತ್ತದೆ. ದಕ್ಷಿಣದಿಂದ ಬಂದವರು ನಾಲ್ಕೂವರೆಯಾಯಿತಲ್ಲ, ಇನ್ನು ತಂಪು ಎಂದುಕೊಂಡು ಹೊರಬಿದ್ದರೆ ನೇರವಾಗಿ ಅದರ ಬಾಯಿಗೇ ಬೀಳುತ್ತಾರೆ. ಊರಿನವರು ಹನ್ನೊಂದಕ್ಕೆ ಒಳಗೆ ಸೇರಿದರೆ ಹೊರಗೆ ಬರುವುದು ಆರರ ನಂತರ. ಪೇಟೆಗೆ ಜೀವ ಬರುವುದು ರಾತ್ರಿ ಎಂಟರ ಮೇಲೆ. ನಾವೂ ನಸುಕಿನಲ್ಲಿ ಬೆಳಕು ಹರಿಯುವ ಮೊದಲೇ ಕ್ಷೇತ್ರಕ್ಕೆ ಹೊರಟು, ಹನ್ನೊಂದರೊಳಗೆ ಮೈದಾನದ ಕೆಲಸ ಮುಗಿಸಿ, ಮಧ್ಯಾಹ್ನವನ್ನು ವಿದ್ಯುತ್ ಉಪಕೇಂದ್ರದೊಳಗಿನ ದಾಖಲೆಗಳಿಗೆ ಮೀಸಲಿಡುವುದನ್ನು ರೂಢಿ ಮಾಡಿಕೊಂಡೆವು.

ಆದರೆ ಗಾಳಿಯಂತ್ರದ ಕೆಲಸಕ್ಕೆ ಒಂದು ವಿಚಿತ್ರ ತೊಡಕಿದೆ. ಇಲ್ಲಿ ಗಾಳಿ ಚೆನ್ನಾಗಿ ಬೀಸುವುದು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಮರುಭೂಮಿ ಕಾದು ನೈಋತ್ಯದ ಗಾಳಿಯನ್ನು ಎಳೆದುಕೊಳ್ಳುವ ತಿಂಗಳುಗಳಲ್ಲಿ. ವಾರ್ಷಿಕ ನಿರ್ವಹಣೆಯನ್ನು ಚಳಿಗಾಲದಲ್ಲೇ ಮುಗಿಸಿರುತ್ತೇವೆ, ಆದರೆ ಕೆಟ್ಟು ನಿಲ್ಲುವ ಯಂತ್ರ ಋತು ನೋಡಿ ಕೆಡುವುದಿಲ್ಲ, ಉತ್ಪಾದನೆಯ ಕಾಲದಲ್ಲಿ ಅದನ್ನು ನಿಲ್ಲಿಸಿಡುವಂತೆಯೂ ಇಲ್ಲ. ಉಕ್ಕಿನ ಗೋಪುರದ ಒಳಗಿನ ಏಣಿಯನ್ನು ಹತ್ತಿ ತುದಿಯ ನೆಸೆಲ್ ಎಂಬ ಯಂತ್ರದ ಗೂಡಿನೊಳಗೆ ಕೂತು ಕೆಲಸ ಮಾಡುವಾಗ ಅಲ್ಲಿಯ ಗಾಳಿ ಹೊರಗಿಗಿಂತಲೂ ಬಿಸಿಯಾಗಿರುತ್ತದೆ, ಗೇರ್‌ಬಾಕ್ಸು ಮತ್ತು ಜನರೇಟರಿನ ಶಾಖವೂ ಅದಕ್ಕೆ ಸೇರಿಕೊಂಡಿರುತ್ತದೆ. ಬಿಸಿಲಿಗೆ ಬಿದ್ದ ಸ್ಪಾನರನ್ನು ಬರಿಗೈಯಲ್ಲಿ ಹಿಡಿದರೆ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಏರುವುದೆಲ್ಲ ನಸುಕಿನಲ್ಲಿ, ಒಬ್ಬರೇ ಏರುವಂತಿಲ್ಲ, ಸರಂಜಾಮಿನ ಚೀಲದೊಂದಿಗೆ ನೀರಿನ ಚೀಲವೂ ಮೇಲೆ ಬರಬೇಕು, ಕೆಲಸದ ನಡುವೆ ಇಬ್ಬರೂ ಆಗಾಗ ಏನಾದರೊಂದು ಮಾತಾಡುತ್ತಿರಬೇಕು. ಈ ಕೊನೆಯ ನಿಯಮ ಹರಟೆಗಾಗಿ ಇಟ್ಟದ್ದಲ್ಲ. ಧಗೆ ತಲೆಗೇರಿದವನ ಉತ್ತರಗಳು ಮೊದಲು ಚಿಕ್ಕವಾಗುತ್ತವೆ, ಆಮೇಲೆ ಪ್ರಶ್ನೆಗೆ ಸಂಬಂಧವಿಲ್ಲದವಾಗುತ್ತವೆ. ಅದನ್ನು ಕೇಳಿಸಿಕೊಳ್ಳಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಉಷ್ಣಾಂಶ ಮಿತಿ ದಾಟಿದರೆ ಗಾಳಿಯಂತ್ರ ತಾನಾಗಿಯೇ ಉತ್ಪಾದನೆ ತಗ್ಗಿಸುತ್ತದೆ ಅಥವಾ ನಿಂತುಬಿಡುತ್ತದೆ. ಯಂತ್ರಕ್ಕೆ ಬರೆದಿಟ್ಟಿರುವ ಅಂಥ ಮಿತಿ ಅದರ ಬುಡದಲ್ಲಿ ಕೇಬಲ್ ಗುಂಡಿ ತೋಡುವ ದಿನಗೂಲಿಯವರಿಗೂ ಲಿಖಿತವಾಗಿ ಇರಬೇಕೆಂಬುದು ನನ್ನ ಅಭಿಪ್ರಾಯ.

ನೀರು ಕುಡಿಯುವ ವಿಷಯದಲ್ಲಿ ಬಾಯಾರಿಕೆಯನ್ನು ನಂಬಬಾರದು ಎಂಬುದು ಇಲ್ಲಿಯ ಮೊದಲ ಪಾಠ. ಕಠಿಣ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು; ಬಾಯಿ ಒಣಗಿದ್ದು ತಿಳಿಯುವ ಹೊತ್ತಿಗೆ ದೇಹ ಸಾಕಷ್ಟು ಹಿಂದೆ ಬಿದ್ದಿರುತ್ತದೆ. ಹಾಗೆಂದು ಬರಿಯ ನೀರನ್ನೇ ಚೆಂಬುಗಟ್ಟಲೆ ಸುರಿದುಕೊಂಡರೂ ತೊಂದರೆಯೇ, ರಕ್ತದಲ್ಲಿನ ಸೋಡಿಯಂ ಅಂಶ ಇಳಿದು ವಾಕರಿಕೆ, ಗೊಂದಲ ಆರಂಭವಾಗುತ್ತವೆ. ನಮ್ಮ ಕ್ಷೇತ್ರದಲ್ಲಿ ಓಆರ್‌ಎಸ್ ಪೊಟ್ಟಣಗಳು ಇರುತ್ತವೆ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಎಂಬ ಅಳತೆಯನ್ನು ಕಡ್ಡಾಯವಾಗಿ ಪಾಲಿಸುತ್ತೇವೆ. ಆದರೆ ಊರಿನವರಿಗೆ ಇದಕ್ಕಿಂತ ರುಚಿಯಾದ ಉಪಾಯಗಳು ಗೊತ್ತಿವೆ. ಉಪ್ಪು, ಹುರಿದ ಜೀರಿಗೆಪುಡಿ ಹಾಕಿದ ಮಜ್ಜಿಗೆ ಎಲ್ಲ ಹೊತ್ತಿಗೂ ಇರುತ್ತದೆ. ಮಾವಿನಕಾಯಿಯನ್ನು ಬೇಯಿಸಿ ಹಿಂಡಿದ ಪಾನಕ ಇರುತ್ತದೆ. ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹುಳಿಬರಿಸಿ ಕುದಿಸಿ ಆರಿಸಿದ ‘ರಾಬ್’ ಅಂತೂ ನಮ್ಮ ಅಂಬಲಿಯ ಹತ್ತಿರದ ನೆಂಟನಾದ್ದರಿಂದ ನನಗೆ ಅದು ಒಗ್ಗಲು ಹೊತ್ತು ಹಿಡಿಯಲಿಲ್ಲ. ಸಜ್ಜೆ ರೊಟ್ಟಿಯನ್ನು ಇಲ್ಲಿಯವರು ಚಳಿಗಾಲಕ್ಕೆ ಬಿಟ್ಟು ಬೇಸಿಗೆಯಲ್ಲಿ ರಾಬ್ ಕುಡಿಯುತ್ತಾರೆ. ತರಕಾರಿ ದುಬಾರಿಯಾದ ತಿಂಗಳುಗಳಲ್ಲಿ ಒಣಗಿಸಿಟ್ಟ ಕೇರ್ ಕಾಯಿ ಮತ್ತು ಸಾಂಗ್ರಿಯ ಪಲ್ಯ. ಸಾಂಗ್ರಿ ಎಂದರೆ ಖೇಜಡಿ ಮರದ ಕೋಡು. ಖೇಜಡಿ ಎಂದರೆ ದಸರೆಯಲ್ಲಿ ನಾವು ಪೂಜಿಸುವ ಬನ್ನಿಮರವೇ. ಇಷ್ಟೆಲ್ಲದರ ನಡುವೆ 45 ಡಿಗ್ರಿಯ ಮಧ್ಯಾಹ್ನದಲ್ಲೂ ಬಿಸಿ ಬಿಸಿ ಚಹಾ ಮಾತ್ರ ಯಾರೂ ಬಿಟ್ಟಿಲ್ಲ, ಅದಕ್ಕೆ ವಿಜ್ಞಾನದ ಸಮರ್ಥನೆಯನ್ನು ಹುಡುಕುವ ಗೋಜಿಗೆ ನಾನೂ ಹೋಗಿಲ್ಲ.

ನೀರು ಬರುವ ದಾರಿಯೂ ಬೇಸಿಗೆಯಲ್ಲೇ ಸೊರಗುತ್ತದೆ. ವರ್ಷಕ್ಕೆ 200 ಮಿ.ಮೀ. ಆಸುಪಾಸಿನ ಮಳೆಯ ಈ ನೆಲಕ್ಕೆ ಪಂಜಾಬಿನ ಹರಿಕೆಯಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯೇ ಆಧಾರ. ದುರಸ್ತಿಗಾಗಿ ಆ ಕಾಲುವೆಯನ್ನು ನಿಲ್ಲಿಸುವುದು ಸಾಮಾನ್ಯವಾಗಿ ಮಾರ್ಚ್‌ನಿಂದ ಮೇವರೆಗಿನ ಅವಧಿಯಲ್ಲೇ. ‘ನಹರ್ ಬಂದಿ’ ಎಂದು ಪ್ರಕಟಣೆ ಬಂದ ಕೂಡಲೇ ಪ್ರತಿ ಮನೆಯವರೂ ತಮ್ಮ ನೆಲದಡಿಯ ನೀರಿನ ತೊಟ್ಟಿ ‘ಟಾಂಕಾ’ವನ್ನು ತುಂಬಿಸಿಕೊಳ್ಳುತ್ತಾರೆ, ಇಲ್ಲದವರು ಟ್ಯಾಂಕರಿಗೆ ದುಡ್ಡು ತೆರುತ್ತಾರೆ. ಆ ವಾರಗಳಲ್ಲಿ ಸ್ನಾನದ ನೀರು ಗಿಡಕ್ಕೆ, ಗಿಡಕ್ಕೆ ಬೇಡವಾದದ್ದು ಅಂಗಳಕ್ಕೆ ಹೋಗುತ್ತದೆ.

ನಾನು ಬಾಡಿಗೆಗಿದ್ದ ಮನೆಯ ಯಜಮಾನಿಯನ್ನು ಓಣಿಯವರೆಲ್ಲ ಮಾಜೀಸಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಕೋಟೆಯೊಳಗಿನ ಹಳೆಯ ಮನೆಗಳ ದಪ್ಪ ಹಳದಿಕಲ್ಲಿನ ಗೋಡೆ, ಜಾಲಂಧ್ರ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ಇಕ್ಕಟ್ಟು ಓಣಿ ಇವು ಯಾವುವೂ ಹೊಸ ಬಡಾವಣೆಯ ನಮ್ಮ ಮನೆಗಿರಲಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟ್ ಚಾವಣಿ ನಡುರಾತ್ರಿಯವರೆಗೂ ಕೋಣೆಯೊಳಗೆ ಶಾಖ ಸುರಿಸುತ್ತಿತ್ತು. ಮಾಜೀಸಾ ಅವರ ಸಲಹೆಯಂತೆ ಮಾಳಿಗೆಗೆ ದಪ್ಪನಾಗಿ ಸುಣ್ಣ ಬಳಿಸಿದ ಮೇಲೆ ಕೋಣೆಯ ಕಾವು ಕೈಗೆ ತಿಳಿಯುವಷ್ಟು ಇಳಿಯಿತು. “ಬೆಳಿಗ್ಗೆ ಎಂಟಕ್ಕೆ ಕಿಟಕಿ ಮುಚ್ಚಿಬಿಡು ಮಗಾ, ರಾತ್ರಿ ಊಟವಾದ ಮೇಲೆ ತೆಗೆ, ನಡುವೆ ಗಾಳಿ ಬರಲಿ ಅಂತ ತೆಗೆದರೆ ಬರುವುದು ಬೆಂಕಿ” ಎಂದು ಅವರು ಹೇಳಿದ್ದನ್ನು ನಾನು ಗಡಿಯಾರ ನೋಡಿ ಪಾಲಿಸಿದೆ. ಮಾಳಿಗೆಯ ಮೇಲಿನ ತೊಟ್ಟಿಯ ನೀರು ಮಧ್ಯಾಹ್ನದಲ್ಲಿ ಕೈ ಇಡಲಾಗದಷ್ಟು ಕಾಯುವುದರಿಂದ, ಸಂಜೆಯ ಸ್ನಾನಕ್ಕೆ ಬೇಕಾದ ನೀರನ್ನು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದು ನೆರಳಲ್ಲಿ ಇಡಬೇಕು. ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ, ಅದು ಆರಿದ ಬಳಿಕ ಹೊರಸು ಹಾಸಿದರೆ ನಡುರಾತ್ರಿಯ ಹೊತ್ತಿಗೆ ಹೊದಿಕೆ ಬೇಕೆನಿಸುವ ದಿನಗಳೂ ಏಪ್ರಿಲ್ಲಿನಲ್ಲಿ ಇದ್ದವು. ಮೇ ಕೊನೆಯಲ್ಲಿ ಮಾತ್ರ ರಾತ್ರಿಯೂ 30 ಡಿಗ್ರಿಗಿಂತ ಕೆಳಗೆ ಇಳಿಯಲು ಸತಾಯಿಸುತ್ತದೆ.

ಕುಡಿಯುವ ನೀರಿಗೆ ಪೋಖರಣದ ಕುಂಬಾರರ ಗಡಿಗೆಯನ್ನು ತಂದುಕೊಂಡೆ. ಒಣಹವೆಯಲ್ಲಿ ಅದರ ಹೊರಮೈ ಜಿನುಗಿ ಆರುವ ವೇಗಕ್ಕೆ ಒಳಗಿನ ನೀರು ಗಂಟಲಿಗೆ ಹಿತವಾಗುವಷ್ಟು ತಂಪಾಗುತ್ತದೆ. ಇಲ್ಲಿಯ ಗಡಸು ನೀರಿನ ಲವಣ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತು ಜಿನುಗುವುದೇ ನಿಲ್ಲುವುದರಿಂದ ವರ್ಷಕ್ಕೊಂದು ಹೊಸ ಗಡಿಗೆ ಬೇಕಾಗುತ್ತದೆ.

ಇದೇ ಲವಣದೊಂದಿಗೆ ನನ್ನ ದೊಡ್ಡ ಹೋರಾಟ ನಡೆದದ್ದು ಕೂಲರಿನಲ್ಲಿ. ಮರುಭೂಮಿಯಲ್ಲಿ ಏ.ಸಿ.ಗಿಂತ ಕೂಲರ್ ಮೇಲು ಎಂದು ಮೇ ತಿಂಗಳ ಮಟ್ಟಿಗೆ ನಾನು ಧೈರ್ಯವಾಗಿ ಹೇಳಬಲ್ಲೆ. ತಗಡಿನ ಪೆಟ್ಟಿಗೆಯ ಮೂರು ಬದಿಗೆ ಲಾವಂಚ ಅಥವಾ ಕಟ್ಟಿಗೆಯ ನಾರಿನ ಹಾಸು, ಅದರ ಮೇಲೆ ಸಣ್ಣ ಪಂಪು ಸುರಿಸುವ ನೀರು, ಒಳಗಿನಿಂದ ಎಳೆಯುವ ಫ್ಯಾನು ಇಷ್ಟೇ ಅದರ ರಚನೆ. ಹೊರಗಿನ ಒಣಗಾಳಿ ಒದ್ದೆ ಹಾಸನ್ನು ಹಾದು ಬರುವಾಗ ಹತ್ತು ಹನ್ನೆರಡು ಡಿಗ್ರಿಗೂ ಹೆಚ್ಚು ತಂಪಾಗುತ್ತದೆ. ಕೂಲರ್ ಕಿಟಕಿಯ ಹೊರಗಿರಬೇಕು, ಎದುರಿನ ಬಾಗಿಲು ಒಂದು ಗೇಣು ತೆರೆದಿರಬೇಕು. ಕೋಣೆಯೊಳಗೆ ಇಟ್ಟು ಎಲ್ಲ ಮುಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಕೋಣೆ ತೇವದಿಂದ ತುಂಬಿ ಅಂಟಂಟಾಗುತ್ತದೆ. ಇಷ್ಟು ತಿಳಿದರೆ ಸಾಲದು, ನಿರ್ವಹಣೆ ಬೇಕು. ನೀರು ಆರುತ್ತದೆ, ಲವಣ ಹಾಸಿನಲ್ಲೇ ಉಳಿಯುತ್ತದೆ. ಕೆಲವೇ ವಾರಗಳಲ್ಲಿ ನಾರಿನ ಎಳೆಗಳು ಬಿಳಿಯ ಪದರ ಹೊದ್ದು ಗಟ್ಟಿಯಾಗಿ, ನೀರು ಹರಡದೆ ಒಂದೇ ಗೆರೆಯಲ್ಲಿ ಇಳಿಯಲು ತೊಡಗುತ್ತದೆ. ಉಳಿದ ಭಾಗದಿಂದ ಬಿಸಿಗಾಳಿ ನೇರವಾಗಿ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಬದಿಯ ಚೌಕಟ್ಟನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಒಣಗಿದ ಜಾಗವನ್ನು ಗುರುತಿಸಿ, ನೀರು ಸುರಿಸುವ ಕೊಳವೆಯ ತೂತುಗಳನ್ನು ಸೂಜಿಯಿಂದ ಬಿಡಿಸುವುದು ನನ್ನ ಭಾನುವಾರದ ಕೆಲಸವಾಯಿತು. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿದರೆ ಲವಣವೂ ಕಡಿಮೆ, ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆಗಳಿಗೂ ಅವಕಾಶವಿಲ್ಲ. ವಿದ್ಯುತ್ತಿನ ಕೆಲಸದವನಾಗಿ ಒಂದು ಮಾತು ಸೇರಿಸಲೇಬೇಕು: ತಗಡಿನ ಕೂಲರಿಗೆ ಅರ್ಥಿಂಗ್ ಇಲ್ಲದೆ ಬಳಸಬಾರದು, ನೀರು ತುಂಬುವಾಗ ಗುಂಡಿ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೂಲರ್ ಮುಟ್ಟಿ ಸತ್ತವರ ಸುದ್ದಿ ಉತ್ತರ ಭಾರತದಲ್ಲಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ.

ಮೇ ಕೊನೆಯ ‘ಲೂ’ ಎಂಬ ಒಣ ಬಿಸಿಗಾಳಿಗೆ ಅಂಗಿಯ ತೋಳು ಉದ್ದವಿರಬೇಕು, ಬಟ್ಟೆ ಸಡಿಲವಾದ ಹತ್ತಿಯದಾಗಿರಬೇಕು, ತಲೆ ಕಿವಿ ಮೂಗು ಮುಚ್ಚುವಂತೆ ಒದ್ದೆ ವಸ್ತ್ರ ಸುತ್ತಿರಬೇಕು. ಒಣಗಾಳಿಗೆ ಮೂಗಿನ ಒಳಪದರ ಬಿರಿದು ರಕ್ತ ಬರುವುದುಂಟು, ರಾತ್ರಿ ಮೂಗಿಗೆ ತುಪ್ಪ ಸವರಿಕೊಳ್ಳುವುದು ಇಲ್ಲಿಯ ರೂಢಿ, ನನಗೆ ಅದರಿಂದ ಉಪಯೋಗವಾಯಿತು. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಲೂ ತಾಗುವುದಿಲ್ಲ ಎಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಊಟದಲ್ಲಿ ಅದನ್ನು ತಿನ್ನಲು ನನ್ನ ಅಭ್ಯಂತರವಿಲ್ಲ.

ಆ ದಿನಗಳಲ್ಲೇ ಒಮ್ಮೆ ಕೇಬಲ್ ಗುಂಡಿ ತೋಡುತ್ತಿದ್ದ ಹುಡುಗನೊಬ್ಬ ಸಲಿಕೆ ಕೆಳಗಿಟ್ಟು, ಯಾರನ್ನೋ ಕರೆಯುತ್ತ, ದಾರಿಯಿಲ್ಲದ ಕಡೆಗೆ ನಡೆಯಲಾರಂಭಿಸಿದ. ಹೆಸರು ಕೇಳಿದರೆ ಉತ್ತರ ಬೇರೆಯೇ ಬಂತು. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ತಲೆ ಕೆಟ್ಟಿತೆಂದರೆ ಅದು ಬಿಸಿಲಾಘಾತ, ಅಲ್ಲಿಂದ ಮುಂದೆ ನಿಮಿಷಗಳಿಗೆ ಬೆಲೆ. ಮೇಲ್ವಿಚಾರಕರು ಅವನನ್ನು ವಾಹನದ ನೆರಳಿಗೆ ಎಳೆದು, ಅಂಗಿ ಬಿಚ್ಚಿಸಿ, ಕ್ಯಾನಿನಲ್ಲಿದ್ದ ನೀರನ್ನೆಲ್ಲ ಮೈಮೇಲೆ ಸುರಿದು, ರಟ್ಟಿನ ಹಾಳೆಗಳಿಂದ ಬಿಡದೆ ಗಾಳಿ ಹಾಕಿಸಿದರು. ಪೆಟ್ಟಿಗೆಯಲ್ಲಿದ್ದ ಐಸನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ, ಕುತ್ತಿಗೆಯ ಬದಿಯಲ್ಲಿ ಇರಿಸಿದರು. 108ಕ್ಕೆ ಕರೆ ಹೋದದ್ದು ಇದೆಲ್ಲದರ ಜೊತೆಜೊತೆಗೇ, ಕಾಯುತ್ತ ಯಾರೂ ಕೂರಲಿಲ್ಲ. ನೀರು ಕುಡಿಸಲು ಹೋದ ಒಬ್ಬರನ್ನು ಅವರು ಗದರಿ ತಡೆದರು, ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಇಲ್ಲೂ ಅವನನ್ನು ಉಳಿಸಿದ್ದು ಮೈಮೇಲೆ ಸುರಿದ ನೀರು ಒಣಗಾಳಿಗೆ ಬೇಗ ಬೇಗ ಆರಿದ್ದೇ. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ತನ್ನ ಊರಿನ ಹೆಸರು ಹೇಳಿದ. ಕೆಲವು ದಿನಗಳ ನಂತರ ಗುಣವಾಗಿ ಬಂದರೂ ಆ ಬೇಸಿಗೆಯಲ್ಲಿ ಅವನಿಗೆ ಮತ್ತೆ ಬಿಸಿಲಿನ ಕೆಲಸ ಕೊಡಲಿಲ್ಲ, ಒಮ್ಮೆ ಹಾಗಾದ ದೇಹ ಕೆಲಕಾಲ ಧಗೆಯನ್ನು ತಾಳುವುದು ಕಷ್ಟ.

ಮೇ 25ರ ಸುಮಾರಿಗೆ ಸೂರ್ಯ ರೋಹಿಣಿ ನಕ್ಷತ್ರವನ್ನು ಪ್ರವೇಶಿಸಿದ ಮೇಲಿನ ಒಂಬತ್ತು ದಿನಗಳನ್ನು ಇಲ್ಲಿ ‘ನೌತಪಾ’ ಎನ್ನುತ್ತಾರೆ. ನಮ್ಮ ಕಡೆ ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುವ ರೈತರು ಬಿತ್ತನೆಗೆ ಮುಗಿಲು ನೋಡುವ ಅದೇ ದಿನಗಳಲ್ಲಿ ಇಲ್ಲಿಯವರು, ಈ ಒಂಬತ್ತು ದಿನ ಚೆನ್ನಾಗಿ ಕಾದರೆ ಮಳೆ ಚೆನ್ನಾಗಿ ಬರುತ್ತದೆ ಎಂದು ಬಿಸಿಲನ್ನು ಹಾರೈಸುತ್ತಾರೆ. ಮಧ್ಯಾಹ್ನದ ಮೇಲೆ ಒಮ್ಮೊಮ್ಮೆ ಪಶ್ಚಿಮದಲ್ಲಿ ಕಂದು ಗೋಡೆಯೊಂದು ಎದ್ದು ‘ಆಂಧಿ’ ಎಂಬ ಧೂಳಿನ ಬಿರುಗಾಳಿ ಬರುತ್ತದೆ. ಆಗ ಕೂಲರ್ ನಿಲ್ಲಿಸದಿದ್ದರೆ ಅದರ ಒದ್ದೆ ನಾರಿನ ಹಾಸಿನ ಮೇಲೆ ಧೂಳು ಮೆತ್ತಿಕೊಂಡು ಭಾನುವಾರದ ಕೆಲಸ ಇಮ್ಮಡಿಯಾಗುತ್ತದೆ.

ಜುಲೈ ಮೊದಲ ವಾರಗಳಲ್ಲಿ ಮುಂಗಾರು ಈ ಮೂಲೆಯನ್ನು ತಲುಪಿದಾಗ ಉಷ್ಣಾಂಶ ಐದಾರು ಡಿಗ್ರಿ ಇಳಿಯುತ್ತದೆ, ಆದರೆ ಕಲಿತ ಉಪಾಯಗಳೆಲ್ಲ ಒಟ್ಟಿಗೆ ಕೈಕೊಡುತ್ತವೆ. ಗಾಳಿಯಲ್ಲಿ ತೇವ ಬಂದ ಮೇಲೆ ಕೂಲರ್ ಬರಿಯ ಹಬೆಯ ಪೆಟ್ಟಿಗೆಯಾಗುತ್ತದೆ, ಗಡಿಗೆಯ ನೀರು ತಂಪಾಗುವುದಿಲ್ಲ, ಒದ್ದೆ ವಸ್ತ್ರ ಮುಖಕ್ಕೆ ಭಾರವೆನಿಸುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಆಗ ಏ.ಸಿ.ಯ ಅಗತ್ಯವನ್ನು ನಾನೂ ಒಪ್ಪುತ್ತೇನೆ. ಉಪಕೇಂದ್ರದಲ್ಲಿ ವಿಶ್ರಾಂತಿಯ ಕೋಣೆಯ ಏ.ಸಿ. ಆಗಸ್ಟ್ ತಿಂಗಳಿನಲ್ಲಿ ಮೇ ತಿಂಗಳಿಗಿಂತ ಹೆಚ್ಚು ಹೊತ್ತು ಓಡುತ್ತದೆ; ಕೆಲಸದ ನಡುವಿನ ಬಿಡುವಿನ ಅವಧಿಯನ್ನು ಉಷ್ಣಾಂಶದ ಜೊತೆಗೆ ತೇವಾಂಶವನ್ನೂ ನೋಡಿ ನಿಗದಿಪಡಿಸುತ್ತೇವೆ.

ಆಗಸ್ಟ್ ಕೊನೆಯಲ್ಲಿ ರಜೆಯ ಮೇಲೆ ಗದಗಿಗೆ ಹೋಗಿ, ಮೋಡದ ತಂಪಿನಲ್ಲಿ ಕೆಲವು ವಾರ ಕಳೆದು ಮರಳಿದಾಗ ಸೆಪ್ಟೆಂಬರ್ ಉತ್ತರಾರ್ಧದ ಎರಡನೆಯ ಬೇಸಿಗೆ ಶುರುವಾಗಿತ್ತು. ಮುಂಗಾರು ಹಿಂದೆ ಸರಿಯುವುದು ದೇಶದಲ್ಲಿ ಎಲ್ಲಕ್ಕಿಂತ ಮೊದಲು ಇಲ್ಲಿಂದಲೇ. ಮೋಡ ಸರಿದ ಕೂಡಲೇ ಬಿಸಿಲು ಮತ್ತೆ 38, 40 ಡಿಗ್ರಿಗೆ ಏರುತ್ತದೆ. ಧಗೆಗೆ ಒಗ್ಗಿದ್ದ ದೇಹ ಮೂರು ನಾಲ್ಕು ವಾರ ತಂಪಿನಲ್ಲಿದ್ದರೆ ಆ ಒಗ್ಗುವಿಕೆಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಮೇಲ್ವಿಚಾರಕರು ನನ್ನ ಹೆಸರನ್ನು ಗೋಪುರ ಏರುವವರ ಪಟ್ಟಿಯಿಂದ ತೆಗೆದು, ಮೊದಲ ವಾರ ಬೆಳಗಿನ ಎರಡು ಗಂಟೆ ಮಾತ್ರ ಹೊರಗೆ ಎಂದು ಬರೆದರು.